ಜಡ್ಜ್ ಟ್ರೂಮನ್ ಅವರ ಲೆಕ್ಕದ ಪುಸ್ತಕ

ನಾನಿರುವುದು ಕ್ಯಾನ್ಸಸ್ ಸಿಟಿಯ ಹೊರವಲಯದಲ್ಲಿ. ಊರಿನಿಂದ ಯಾರೇ ಬಂದರೂ ಒಂದು ದಿನ ಅವರನ್ನು ಇಂಡಿಪೆಂಡೆನ್ಸ್‌ಗೆ ಕರೆದುಕೊಂಡು ಹೋಗುವುದು ನಮ್ಮ ಮನೆಯ ವಾಡಿಕೆ. ನೋಡುವುದಕ್ಕೆ ಸಮುದ್ರವಿಲ್ಲ, ಬೆಟ್ಟವಿಲ್ಲ. ಇರುವುದು ಅಮೆರಿಕದ 33ನೇ ಅಧ್ಯಕ್ಷ ಹ್ಯಾರಿ ಟ್ರೂಮನ್ ಬದುಕಿದ್ದ ಬಿಳಿ ಮರದ ಮನೆ ಮತ್ತು 1957ರಲ್ಲಿ ತೆರೆದ ಅವರ ಹೆಸರಿನ ಗ್ರಂಥಾಲಯ. ಬಂದವರೆಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: "ಹಿರೋಷಿಮಾ ಮೇಲೆ ಬಾಂಬು ಹಾಕಿಸಿದವನು ಇವನೇ ಅಲ್ಲವಾ?" ಹೌದು, ಇವರೇ. ಅಲ್ಲಿಗೆ ಮಾತು ಮುಗಿಯುತ್ತದೆ. ಆ ಒಂದು ಪ್ರಶ್ನೆಯ ಮುಂದೆ ಮಿಕ್ಕಿದ್ದೆಲ್ಲ ಸಣ್ಣದಾಗಿ ಕಾಣುವುದು ಸಹಜ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆ ಸಣ್ಣದೇ. ಡೇವಿಡ್ ಮೆಕಲಾ ಬರೆದ 'ಟ್ರೂಮನ್' ಎಂಬ ಜೀವನಚರಿತ್ರೆ ಬಂದದ್ದು 1992ರಲ್ಲಿ. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಸಾವಿರ ಪುಟ ಮೀರಿದ ಪುಸ್ತಕ. ಅದರಲ್ಲಿ ಟ್ರೂಮನ್ ವಾಷಿಂಗ್ಟನ್‌ಗೆ ಹೋಗುವ ಮುಂಚಿನ ಭಾಗವನ್ನು ನಾನು ನಾಲ್ಕೈದು ಸಲ ಓದಿದ್ದೇನೆ. ಒಬ್ಬ ರೈತ ಯುದ್ಧಕ್ಕೆ ಹೋಗಿ ಬಂದು, ಅಂಗಡಿ ಇಟ್ಟು ಕೈಸುಟ್ಟುಕೊಂಡು, ಕೊನೆಗೆ ತನ್ನ ಜಿಲ್ಲೆಯ ರಸ್ತೆ, ಕಟ್ಟಡ, ತೆರಿಗೆಗಳನ್ನು ನೋಡಿಕೊಳ್ಳುವ ಅಧಿಕಾರಿಯಾದ ಕತೆ ಅದು. ಬಿ.ಕಾಂ. ಓದಿ, ಸಿ.ಎ. ಮಾಡಿ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬೇರೆಯವರ ಲೆಕ್ಕ ನೋಡಿಯೇ ಹೊಟ್ಟೆ ಹೊರೆದವನು ನಾನು. ಇಂಥವನು ಸಾಹಿತ್ಯ ಕೃತಿಯ ಬಗ್ಗೆ ಬರೆಯುವುದು ಸ್ವಲ್ಪ ಅಧಿಕಪ್ರಸಂಗವೇ. ಆದರೆ ಈ ಪುಸ್ತಕದ ಈ ಭಾಗದಲ್ಲಿ ಇರುವುದು ಲೆಕ್ಕ. ಲೇಖಕರು ಆ ಲೆಕ್ಕವನ್ನು ಮುಗಿಸಿದ ರೀತಿಯ ಬಗ್ಗೆ ನನಗೆ ಒಂದು ತಕರಾರಿದೆ. ಅದು ಪುಸ್ತಕದ ಮೇಲಿನ ತಕರಾರು ಮಾತ್ರವಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಮೊದಲು ಮನುಷ್ಯನನ್ನು ನೋಡೋಣ. ಟ್ರೂಮನ್ ಹುಟ್ಟಿದ್ದು 1884ರಲ್ಲಿ, ಮಿಸೌರಿ ರಾಜ್ಯದ ಲಮಾರ್ ಎಂಬ ಊರಿನಲ್ಲಿ. ಸ್ವಲ್ಪ ಕಾಲ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು. 1906ರಿಂದ ಹನ್ನೊಂದು ವರ್ಷ ಗ್ರ್ಯಾಂಡ್‌ವ್ಯೂನಲ್ಲಿ ತಾಯಿಯ ಕಡೆಯಿಂದ ಬಂದ ಸುಮಾರು 600 ಎಕರೆ ಜಮೀನಿನಲ್ಲಿ ಉತ್ತು ಬಿತ್ತಿದರು. ದಪ್ಪ ಕನ್ನಡಕದ ಮನುಷ್ಯ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಅವರಿಗೆ 33 ವರ್ಷ ತುಂಬುವುದರಲ್ಲಿತ್ತು. ಯಾರೂ ಬಲವಂತ ಮಾಡುವ ವಯಸ್ಸಲ್ಲ. ಆದರೂ ಹೋದರು. ತರಬೇತಿ ಶಿಬಿರದಲ್ಲಿ ಎಡ್ಡಿ ಜೇಕಬ್ಸನ್ ಎಂಬ ಗೆಳೆಯನ ಜೊತೆ ಸೇರಿ ರೆಜಿಮೆಂಟಿನ ಕ್ಯಾಂಟೀನ್ ನಡೆಸಿದರು. ಬೇರೆ ಕ್ಯಾಂಟೀನುಗಳು ನಷ್ಟದಲ್ಲಿದ್ದಾಗ ಇವರದು ಲಾಭ ಮಾಡಿ ಸೈನಿಕರಿಗೆ ಹಣ ಹಿಂದಿರುಗಿಸಿತು. ನನ್ನಂಥವರಿಗೆ ಇದೂ ಒಂದು ಪದಕವೇ.

1918ರ ಜುಲೈಯಲ್ಲಿ ಫ್ರಾನ್ಸಿನಲ್ಲಿ ಅವರು 129ನೇ ಫೀಲ್ಡ್ ಆರ್ಟಿಲರಿಯ 'ಡಿ' ಬ್ಯಾಟರಿಗೆ ಕ್ಯಾಪ್ಟನ್ ಆದರು. ಸುಮಾರು 190 ಜನ, ಹೆಚ್ಚಿನವರು ಕ್ಯಾನ್ಸಸ್ ಸಿಟಿಯ ಐರಿಷ್ ಮೂಲದ ಹುಡುಗರು, ಹಿಂದಿನ ಅಧಿಕಾರಿಗಳಿಗೆ ಬಗ್ಗದವರು. ವೋಝ್ ಬೆಟ್ಟಗಳಲ್ಲಿ ಮೊದಲ ಸಲ ಜರ್ಮನ್ ಗುಂಡು ಬಿದ್ದ ರಾತ್ರಿ ಹಲವರು ಓಡಿದರು. ಕ್ಯಾಪ್ಟನ್ ನಿಂತಲ್ಲೇ ನಿಂತು ಬಾಯಿಗೆ ಬಂದಂತೆ ಬೈದು ಅವರನ್ನು ವಾಪಸ್ ಕರೆದರು. ಸೆಪ್ಟೆಂಬರ್ 26ರಿಂದ ಮ್ಯೂಸ್-ಆರ್ಗಾನ್ ಕದನ. ಯುದ್ಧ ಮುಗಿದು ಊರಿಗೆ ಬಂದಾಗ ಆ ಹುಡುಗರಿಗೆ ಅವರು 'ಕ್ಯಾಪ್ಟನ್ ಹ್ಯಾರಿ'. ಸಾಯುವವರೆಗೂ ಹಾಗೇ ಕರೆದರು. ಈ ಭಾಗವನ್ನು ಮೆಕಲಾ ಎಷ್ಟು ಚೆನ್ನಾಗಿ ಬರೆದಿದ್ದಾರೆಂದರೆ ಕೆಸರು, ಕುದುರೆಗಳ ಬೆವರು, ನಿದ್ದೆಗೆಟ್ಟ ಕಣ್ಣು ಎಲ್ಲವೂ ನಮ್ಮದೇ ಆಗುತ್ತವೆ. ಇಂಗ್ಲಿಷ್ ಗದ್ಯ ಓದುವ ಸುಖಕ್ಕಾಗಿಯೇ ಓದಬಹುದು.

ಊರಿಗೆ ಬಂದ ಮೇಲೆ 1919ರಲ್ಲಿ ಟ್ರೂಮನ್ ಮತ್ತು ಜೇಕಬ್ಸನ್ ಕ್ಯಾನ್ಸಸ್ ಸಿಟಿಯ 12ನೇ ಬೀದಿಯಲ್ಲಿ ಗಂಡಸರ ಉಡುಪಿನ ಅಂಗಡಿ ತೆರೆದರು. ಯುದ್ಧಾನಂತರದ ಮಾರುಕಟ್ಟೆ ಕುಸಿಯಿತು, ದುಬಾರಿ ಬೆಲೆಗೆ ತಂದ ಸರಕಿನ ಬೆಲೆ ಇಳಿಯಿತು, 1922ರಲ್ಲಿ ಅಂಗಡಿ ಮುಚ್ಚಿತು. ಜೇಕಬ್ಸನ್ ಕೆಲವು ವರ್ಷದ ಮೇಲೆ ದಿವಾಳಿ ಅರ್ಜಿ ಹಾಕಿದರು. ಟ್ರೂಮನ್ ಹಾಕಲಿಲ್ಲ, ಆ ಸಾಲವನ್ನು ವರ್ಷಾನುಗಟ್ಟಲೆ ತೀರಿಸುತ್ತಲೇ ಇದ್ದರು.

ಕೈಯಲ್ಲಿ ಕೆಲಸವಿಲ್ಲದ, ತಲೆಯ ಮೇಲೆ ಸಾಲವಿದ್ದ ಈ ಹೊತ್ತಿನಲ್ಲೇ ರಾಜಕೀಯ ಬಾಗಿಲು ತಟ್ಟಿತು. ಕ್ಯಾನ್ಸಸ್ ಸಿಟಿಯನ್ನು ಆಗ ಟಾಮ್ ಪೆಂಡರ್‌ಗಾಸ್ಟ್ ಎಂಬ ಧಣಿ ಆಳುತ್ತಿದ್ದ. ಮೇಯರ್ ಅಲ್ಲ, ಶಾಸಕನೂ ಅಲ್ಲ. ಆದರೆ ಯಾರು ನಿಲ್ಲಬೇಕು, ಯಾರು ಗೆಲ್ಲಬೇಕು, ಯಾರಿಗೆ ಕಾಂಟ್ರ್ಯಾಕ್ಟ್ ಎಂಬುದೆಲ್ಲ ಅವನ ಕೈಯಲ್ಲಿ. ಅವನಿಗೆ ಸಿಮೆಂಟ್ ಕಾಂಕ್ರೀಟಿನ ಕಂಪನಿಯೂ ಇತ್ತು ಎಂದರೆ ನಮ್ಮ ಓದುಗರಿಗೆ ಮಿಕ್ಕಿದ್ದನ್ನು ವಿವರಿಸಬೇಕಾಗಿಲ್ಲ. ಅವನ ಅಣ್ಣನ ಮಗ ಜಿಮ್, ಟ್ರೂಮನ್ ಅವರ ಜೊತೆ ಅದೇ ರೆಜಿಮೆಂಟಿನಲ್ಲಿದ್ದವನು. ಆ ಸ್ನೇಹದ ದಾರಿಯಲ್ಲಿ 1922ರಲ್ಲಿ ಟ್ರೂಮನ್ ಜ್ಯಾಕ್ಸನ್ ಕೌಂಟಿಯ ಪೂರ್ವ ಭಾಗದ 'ಜಡ್ಜ್' ಸ್ಥಾನಕ್ಕೆ ನಿಂತರು. ಪಕ್ಷದೊಳಗಿನ ಚುನಾವಣೆಯಲ್ಲಿ 300ಕ್ಕಿಂತ ಕಡಿಮೆ ಮತಗಳ ಅಂತರದಲ್ಲಿ ಗೆದ್ದರು.

ಜಡ್ಜ್ ಎಂದಾಕ್ಷಣ ಕರಿಕೋಟಿನ ನ್ಯಾಯಾಧೀಶರೆಂದು ತಿಳಿಯಬಾರದು. ಆಗಿನ ಮಿಸೌರಿಯಲ್ಲಿ 'ಕೌಂಟಿ ಕೋರ್ಟ್' ಎಂದರೆ ಮೂವರು ಚುನಾಯಿತರ ಆಡಳಿತ ಮಂಡಳಿ. ರಸ್ತೆ, ಸೇತುವೆ, ಅನಾಥರ ಮತ್ತು ವೃದ್ಧರ ಆಶ್ರಮ, ತೆರಿಗೆ, ನೌಕರರ ನೇಮಕ ಇವೇ ಅವರ ಕೆಲಸ. ನಮ್ಮ ಜಿಲ್ಲಾ ಪಂಚಾಯಿತಿಗೆ ಹತ್ತಿರವಾದದ್ದು. 1924ರಲ್ಲಿ ಟ್ರೂಮನ್ ಸೋತರು. ಎರಡು ವರ್ಷ ಮೋಟಾರು ಕ್ಲಬ್ಬಿನ ಸದಸ್ಯತ್ವ ಮಾರಿಕೊಂಡು ಬದುಕಿದರು. 1926ರಲ್ಲಿ ಮೂವರ ಮೇಲಿನ ಅಧ್ಯಕ್ಷ ಜಡ್ಜ್ ಆಗಿ ಗೆದ್ದು, ಎಂಟು ವರ್ಷ ಆ ಕುರ್ಚಿಯಲ್ಲಿದ್ದರು.

ಆ ಎಂಟು ವರ್ಷದ ಕೆಲಸ ಸಣ್ಣದಲ್ಲ. ಕೌಂಟಿಯ ರಸ್ತೆಗಳು ಮಳೆ ಬಂದರೆ ಕರಗಿಹೋಗುವಂತಿದ್ದವು. ಟ್ರೂಮನ್ ಇಬ್ಬರು ಎಂಜಿನಿಯರುಗಳನ್ನು, ಎರಡು ಪಕ್ಷಗಳಿಂದ ಒಬ್ಬೊಬ್ಬರಂತೆ, ನೇಮಿಸಿ ಇಡೀ ಕೌಂಟಿಯ ಸಮೀಕ್ಷೆ ಮಾಡಿಸಿದರು. 1928ರಲ್ಲಿ 65 ಲಕ್ಷ ಡಾಲರುಗಳ ರಸ್ತೆ ಬಾಂಡಿಗೆ ಮತ ಕೇಳಿದರು. ಟೆಂಡರಿನಲ್ಲಿ ಕಡಿಮೆ ಕೂಗಿದವರಿಗೇ ಕೆಲಸ ಎಂದು ಮಾತು ಕೊಟ್ಟರು. ಜನ ಒಪ್ಪಿದರು. ಧಣಿಯ ಕಡೆಯ ಕಾಂಟ್ರ್ಯಾಕ್ಟರುಗಳು ಎಂದಿನಂತೆ ತಮ್ಮ ಪಾಲಿಗೆ ಕಾದು ಕುಳಿತಿದ್ದಾಗ ದೊಡ್ಡ ಗುತ್ತಿಗೆಯೊಂದು ಸೌತ್ ಡಕೋಟಾದ ಯಾವುದೋ ಕಂಪನಿಗೆ ಹೋಯಿತು. 200 ಮೈಲಿಗೂ ಹೆಚ್ಚು ಉದ್ದದ ಗಟ್ಟಿ ರಸ್ತೆಗಳಾದವು. 1931ರಲ್ಲಿ ಮತ್ತೊಂದು ಬಾಂಡು. ಕ್ಯಾನ್ಸಸ್ ಸಿಟಿಯ ಕೋರ್ಟ್ ಕಟ್ಟಡಕ್ಕೆ ಮಾದರಿ ಹುಡುಕಿಕೊಂಡು ಸ್ವಂತ ಕಾರಿನಲ್ಲಿ ಸಾವಿರಾರು ಮೈಲಿ ಸುತ್ತಿ, ಲೂಸಿಯಾನಾದ ಶ್ರೀವ್‌ಪೋರ್ಟಿನಲ್ಲಿ ಮನಸ್ಸಿಗೆ ಹಿಡಿಸಿದ ಕಟ್ಟಡ ಕಂಡು ಅದರ ವಾಸ್ತುಶಿಲ್ಪಿಯನ್ನೇ ಕರೆತಂದರು. ಆ ಕಟ್ಟಡ ಈಗಲೂ ಇದೆ. ಟ್ರೂಮನ್ ಕಾಲದ ರಸ್ತೆಗಳ ಜಾಡಿನಲ್ಲಿ ನಾನೇ ಕಾರು ಓಡಿಸಿದ್ದೇನೆ. ಅವರದೇ ಜಮೀನಿನ ಮೂಲಕ ರಸ್ತೆ ಹಾದುಹೋದಾಗ ತಾಯಿಗೆ ಪರಿಹಾರ ಕೊಡಿಸಲಿಲ್ಲವೆಂದು ಟ್ರೂಮನ್ ಮುಂದೆ ಹೇಳಿಕೊಳ್ಳುತ್ತಿದ್ದರು.

ಇಷ್ಟೇ ಆಗಿದ್ದರೆ ಇದೊಂದು ಅಭಿನಂದನ ಗ್ರಂಥ. ಆದರೆ ಇನ್ನೊಂದು ಕಾಗದದ ಕಟ್ಟು ಇದೆ.

1930ರ ದಶಕದ ಮೊದಲ ವರ್ಷಗಳಲ್ಲಿ ಟ್ರೂಮನ್ ಆಗಾಗ ಕ್ಯಾನ್ಸಸ್ ಸಿಟಿಯ ಪಿಕ್‌ವಿಕ್ ಹೋಟೆಲಿನ ಕೋಣೆಯಲ್ಲಿ ಒಬ್ಬರೇ ಕುಳಿತು, ಹೋಟೆಲಿನ ಕಾಗದದ ಮೇಲೆಯೇ, ಮನಸ್ಸಿನಲ್ಲಿದ್ದದ್ದನ್ನು ಬರೆದಿಡುತ್ತಿದ್ದರು. ಯಾರಿಗೂ ತೋರಿಸಲು ಬರೆದದ್ದಲ್ಲ. ಅವು ಈಗ ಇಂಡಿಪೆಂಡೆನ್ಸಿನ ಗ್ರಂಥಾಲಯದಲ್ಲಿವೆ. ಜೊತೆಯ ಜಡ್ಜ್‌ಗಳು ಹೇಗೆ ಕದಿಯುತ್ತಾರೆ, ಧಣಿಯ ಕಡೆಯವರಿಗೆ ಎಷ್ಟು ಬಾಯಿದೆ ಎಂಬುದೆಲ್ಲ ಅದರಲ್ಲಿದೆ. ಒಂದು ಕಡೆ ಅವರು ಒಪ್ಪಿಕೊಳ್ಳುವುದು ಇದು: ಬಾಂಡಿನ ಹಣಕ್ಕೆ ಕಳ್ಳರು ಕೈಹಾಕದಂತೆ ತಡೆಯಲು, ತನ್ನ ಜೊತೆಗಾರನನ್ನು ಸಮಾಧಾನ ಮಾಡಲು, ಧಣಿಯ ಸ್ನೇಹಿತನಾದ ಒಬ್ಬ ಮಾಜಿ ಸಾರಾಯಿ ಅಂಗಡಿಯವನು ಕೌಂಟಿಯ ಸಾಮಾನ್ಯ ಆದಾಯದಿಂದ ಸುಮಾರು 10,000 ಡಾಲರ್ ಕದಿಯುವುದಕ್ಕೆ ತಾನು ಬಿಡಬೇಕಾಯಿತು. ಹಾಗೆ ಬರೆದು, ತಾನು ಮಾಡಿದ್ದು ಸರಿಯೇ ಅಥವಾ ಅಪರಾಧದಲ್ಲಿ ಪಾಲುದಾರನಾದೆನೇ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ತನಗೆ ಗೊತ್ತಿಲ್ಲ ಎನ್ನುತ್ತಾರೆ. ಸ್ವಂತಕ್ಕೆ ನೋಡಿಕೊಂಡಿದ್ದರೆ ಹದಿನೈದು ಲಕ್ಷ ಡಾಲರ್ ಮಾಡಬಹುದಿತ್ತು, ಕೈಯಲ್ಲಿ ನೂರೈವತ್ತೂ ಇಲ್ಲ ಎಂಬ ಅರ್ಥದ ಮಾತೂ ಅಲ್ಲಿದೆ.

ಮೆಕಲಾ ಇದನ್ನು ಮುಚ್ಚಿಟ್ಟಿಲ್ಲ. ಹಾಗೆಂದು ಆರೋಪಿಸಿದರೆ ಅನ್ಯಾಯವಾಗುತ್ತದೆ. ಆ ಟಿಪ್ಪಣಿಗಳನ್ನು ಧಾರಾಳವಾಗಿ ಬಳಸಿಕೊಂಡಿದ್ದಾರೆ. ನನ್ನ ತಕರಾರು ಅವರು ಅದನ್ನು ಯಾವ ತಲೆಬರಹದ ಕೆಳಗೆ ಜಮೆ ಮಾಡಿದರು ಎಂಬುದರ ಬಗ್ಗೆ. ಅವರ ಕಥನದಲ್ಲಿ ಹೋಟೆಲ್ ಕೋಣೆಯ ಈ ರಾತ್ರಿಗಳು ಒಬ್ಬ ಪ್ರಾಮಾಣಿಕ ಮನುಷ್ಯನ ಒಳಗುದಿಯಾಗಿ ಬರುತ್ತವೆ. ಓದುಗನಿಗೆ ಕನಿಕರ ಹುಟ್ಟುತ್ತದೆ, ಗೌರವ ಹೆಚ್ಚುತ್ತದೆ. ಕದ್ದುಹೋದ ಹಣ ಮಾತ್ರ ಓದುಗನ ಕಣ್ಣಿನಿಂದ ಜಾರಿಹೋಗುತ್ತದೆ. ಒಂದು ಕಡೆ 200 ಮೈಲಿ ರಸ್ತೆ, ಇನ್ನೊಂದು ಕಡೆ 10,000 ಡಾಲರ್. ಒಂದರಿಂದೊಂದನ್ನು ವಜಾ ಮಾಡಿ ನಿವ್ವಳ ತೋರಿಸಿದರೆ ಉಳಿಯುವುದು ಒಳ್ಳೆಯತನ. ಲೆಕ್ಕಶಾಸ್ತ್ರದಲ್ಲಿ ನಮಗೆ ಮೊದಲ ವರ್ಷವೇ ಕಲಿಸುವುದು ಹೀಗೆ ಮಾಡಬಾರದು ಎಂದು. ಬರಬೇಕಾದದ್ದು ಬೇರೆ, ಕೊಡಬೇಕಾದದ್ದು ಬೇರೆ. ಎರಡನ್ನೂ ಪೂರ್ತಿಯಾಗಿ ತೋರಿಸು, ನಿವ್ವಳದ ಹಿಂದೆ ಅಡಗಬೇಡ.

ಯಾರಾದರೂ ಕೇಳಬಹುದು: 65 ಲಕ್ಷದ ಬಾಂಡಿನ ಪಕ್ಕದಲ್ಲಿ ಹತ್ತು ಸಾವಿರವಿಟ್ಟರೆ ಶೇಕಡಾ 0.16 ಕೂಡ ದಾಟುವುದಿಲ್ಲ, ಇಷ್ಟಕ್ಕೆ ಇಷ್ಟು ಮಾತೇ? ಆಡಿಟ್ ಮಾಡುವವರು ಪ್ರತಿಯೊಂದು ಪೈಸೆ ಹುಡುಕುವುದಿಲ್ಲ, ನಿಜ. ಇಷ್ಟರ ಕೆಳಗಿನ ತಪ್ಪು ಒಟ್ಟು ಚಿತ್ರವನ್ನು ಕೆಡಿಸದು ಎಂಬ ಒಂದು ಗೆರೆ ಹಾಕಿಕೊಳ್ಳುತ್ತೇವೆ. ಆದರೆ ಆ ಗೆರೆ ಕೈತಪ್ಪಿಗೆ ಅನ್ವಯಿಸಿದಂತೆ ಗೊತ್ತಿದ್ದೂ ನಡೆದ ಕಳವಿಗೆ ಅನ್ವಯಿಸುವುದಿಲ್ಲ. ಮೇಲಿನ ಸ್ಥಾನದಲ್ಲಿರುವವರಿಗೆ ತಿಳಿದೇ ನಡೆದಿದ್ದರೆ ಮೊತ್ತ ಸಣ್ಣದಾದರೂ ವಿಷಯ ದೊಡ್ಡದು, ಯಾಕೆಂದರೆ ಅವರು ಹೇಳುವ ಬೇರೆ ಮಾತುಗಳನ್ನು ಎಷ್ಟು ನಂಬಬೇಕು ಎಂಬುದು ಅದರ ಮೇಲೆ ನಿಲ್ಲುತ್ತದೆ. ಧಣಿಯ ಕೋಣೆಯಲ್ಲಿ ಕಾಂಟ್ರ್ಯಾಕ್ಟರುಗಳ ಮುಂದೆ ಟ್ರೂಮನ್ ಬಗ್ಗದೆ ನಿಂತ ಪ್ರಸಿದ್ಧ ದೃಶ್ಯ ನಮಗೆ ಬಂದಿರುವುದು ಮುಖ್ಯವಾಗಿ ಟ್ರೂಮನ್ ಅವರ ಬಾಯಿಂದಲೇ. ಅದು ಸುಳ್ಳೆನ್ನುವುದಕ್ಕೆ ನನ್ನಲ್ಲಿ ಕಾರಣವಿಲ್ಲ. ರಸ್ತೆಗಳು ಅದಕ್ಕೆ ಸಾಕ್ಷಿಯಾಗಿ ನಿಂತಿವೆ. ಆದರೆ ಲೆಕ್ಕ ಕೊಡುವವನ ಹೇಳಿಕೆ ಯಾವುದು, ಹೊರಗಿನ ಪುರಾವೆ ಯಾವುದು ಎಂದು ಜೀವನಚರಿತ್ರೆ ಓದುಗನಿಗೆ ಬಿಡಿಸಿ ತೋರಿಸಬೇಕು. ಕಥನದ ಓಘದಲ್ಲಿ ಎರಡೂ ಒಂದೇ ಬಣ್ಣವಾಗಿಬಿಡುತ್ತವೆ.

ಬಡತನದ ಪುರಾವೆಯೂ ಹಾಗೆಯೇ. ಟ್ರೂಮನ್ ದುಡ್ಡು ಮಾಡಲಿಲ್ಲ ಎಂಬುದಕ್ಕೆ ಗ್ರ್ಯಾಂಡ್‌ವ್ಯೂ ಜಮೀನಿನ ಕತೆಯನ್ನು ಎಲ್ಲರೂ ಹೇಳುತ್ತಾರೆ. ಅವರು ಸೆನೆಟರ್ ಆಗಿದ್ದಾಗಲೇ, 1940ರಲ್ಲಿ, ಸಾಲ ತೀರಿಸಲಾಗದೆ ಜಮೀನು ಕೈಬಿಟ್ಟಿತು. 87 ವರ್ಷದ ತಾಯಿ ಮನೆ ಬಿಡಬೇಕಾಯಿತು. ಓದುವಾಗ ಗಂಟಲು ಕಟ್ಟುತ್ತದೆ. ಆದರೆ ಆ ಸಾಲ ಬಂದದ್ದು ಅದೇ ಜ್ಯಾಕ್ಸನ್ ಕೌಂಟಿಯ ಶಾಲಾ ನಿಧಿಯಿಂದ, 1938ರಲ್ಲಿ, ಅವರ ರಾಜಕೀಯ ಗೆಳೆಯರ ಕಾಲದಲ್ಲಿ. ಕ್ಯಾಷಿಯರ್ ಬಡವನಾಗಿದ್ದಾನೆ ಎಂಬುದು ಗಲ್ಲಾ ಸರಿಯಿದೆ ಎಂಬುದಕ್ಕೆ ಪುರಾವೆಯಲ್ಲ. ಅವನು ಒಳ್ಳೆಯವನು ಎಂದು ನಂಬಲು ಅದು ಒಂದು ಕಾರಣ, ಅಷ್ಟೆ.

ಅಲೊಂಜೊ ಹ್ಯಾಂಬಿ ಎಂಬ ಇತಿಹಾಸಕಾರರು 1995ರಲ್ಲಿ ಬರೆದ ಇನ್ನೊಂದು ಜೀವನಚರಿತ್ರೆ 'ಮ್ಯಾನ್ ಆಫ್ ದಿ ಪೀಪಲ್'. ಅದು ಇಷ್ಟು ಮೃದುವಲ್ಲ. ಟ್ರೂಮನ್ ಅವರ ಮುಂಗೋಪ, ಒಳಗಿನ ಅಳುಕು, ಮೇಲೇರುವ ಆಸೆ, ಧಣಿಯ ಜೊತೆಗಿನ ಕೊಡುಕೊಳ್ಳುವಿಕೆ ಇವನ್ನೆಲ್ಲ ಅದು ಹೆಚ್ಚು ನೇರವಾಗಿ ನೋಡುತ್ತದೆ. ತೂಕದ ದೃಷ್ಟಿಯಿಂದ ಅದು ಹೆಚ್ಚು ನಂಬಿಕೆಗೆ ಅರ್ಹ ಎಂದು ನನ್ನ ಅಭಿಪ್ರಾಯ. ಆದರೆ ಅದನ್ನು ಓದಿ ಮುಗಿಸಿದ ಮೇಲೆ ಮನುಷ್ಯನ ಮುಖ ಕಣ್ಣಮುಂದೆ ನಿಲ್ಲುವುದಿಲ್ಲ. ಮೆಕಲಾ ಓದಿದರೆ ಮುಖ ನಿಲ್ಲುತ್ತದೆ. ಒಬ್ಬರ ಬಳಿ ಪ್ರೀತಿ, ಇನ್ನೊಬ್ಬರ ಬಳಿ ತಕ್ಕಡಿ.

ಇನ್ನೊಂದು ಅಂಶದಲ್ಲಿ ಮೆಕಲಾ ಅವರಿಗಿಂತ ನಾನು ಭಿನ್ನವಾಗಿ ಓದುತ್ತೇನೆ. ಯುದ್ಧಭೂಮಿಯಲ್ಲಿ ಕಂಡ ಧೈರ್ಯವೇ ಮುಂದೆ ಆಡಳಿತದಲ್ಲಿ ಪ್ರಾಮಾಣಿಕತೆಯಾಯಿತು ಎಂಬ ಭಾವ ಆ ಪುಟಗಳಲ್ಲಿ ಹರಿಯುತ್ತದೆ. ನನಗೆ ಕಾಣುವುದು ಬೇರೆ. ಸೈನ್ಯ ಟ್ರೂಮನ್ ಅವರಿಗೆ ಕಲಿಸಿದ ದೊಡ್ಡ ಗುಣ ಜೊತೆಯವರನ್ನು ಕೈಬಿಡದಿರುವುದು. ಆ ಗುಣವೇ ಬ್ಯಾಟರಿಯ ಹುಡುಗರನ್ನು ಜೀವಸಹಿತ ವಾಪಸ್ ತಂದಿತು. ಅದೇ ಗುಣ ಜಿಮ್ ಪೆಂಡರ್‌ಗಾಸ್ಟ್‌ನ ಸ್ನೇಹದ ಮೂಲಕ ಅವರನ್ನು ಧಣಿಗೆ ಕಟ್ಟಿಹಾಕಿತು. 1939ರಲ್ಲಿ ತೆರಿಗೆ ವಂಚನೆಗಾಗಿ ಟಾಮ್ ಪೆಂಡರ್‌ಗಾಸ್ಟ್ ಜೈಲಿಗೆ ಹೋದ. 1945ರ ಜನವರಿಯಲ್ಲಿ ಅವನು ಸತ್ತಾಗ ಟ್ರೂಮನ್ ದೇಶದ ಉಪಾಧ್ಯಕ್ಷರಾಗಿ ಕೆಲವೇ ದಿನವಾಗಿತ್ತು. ಎಲ್ಲರೂ ಬೇಡವೆಂದರೂ ಅಂತ್ಯಕ್ರಿಯೆಗೆ ಹೋದರು. ಸ್ನೇಹಿತನಾಗಿದ್ದ, ಹೋದೆ ಎಂಬುದು ಅವರ ನಿಲುವು. ಇದನ್ನು ಗುಣದ ಕಾಲಂನಲ್ಲಿ ಹಾಕಬೇಕೋ ದೋಷದ ಕಾಲಂನಲ್ಲೋ? ಒಂದೇ ವೋಚರ್ ಎರಡೂ ಕಡೆ ಸೇರುತ್ತದೆ. ಸೈನಿಕನ ಶೀಲ ಆಡಳಿತಗಾರನ ಶೀಲವಾಗಿ ಹಾಗೇ ವರ್ಗಾವಣೆಯಾಗುವುದಿಲ್ಲ.

ಇಷ್ಟು ಖಡಾಖಂಡಿತವಾಗಿ ಮಾತಾಡುತ್ತಿರುವ ನಾನು ಈ ಪುಟಗಳನ್ನು ನಾಲ್ಕೈದು ಸಲ ಓದಿದ್ದು ಯಾಕೆಂದು ಈಗ ಹೇಳಬೇಕು.

ನನ್ನ ಸೋದರಮಾವ ಹಾಸನ ಜಿಲ್ಲೆಯ ಒಂದು ಹಳ್ಳಿಯವರು. ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು 1971ರ ಯುದ್ಧ ಕಂಡವರು. ಹವಾಲ್ದಾರ್ ಆಗಿ ನಿವೃತ್ತರಾಗಿ ಊರಿಗೆ ಬಂದು ಆಲೂಗಡ್ಡೆ, ರಾಗಿ ಬೆಳೆದುಕೊಂಡಿದ್ದರು. 2000ದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಊರಿನವರೇ ಒತ್ತಾಯ ಮಾಡಿ ನಿಲ್ಲಿಸಿದರು, ಅಧ್ಯಕ್ಷರಾದರು. ನಾನಾಗ ಬೆಂಗಳೂರಿನಲ್ಲಿ ಸಿ.ಎ. ಆರ್ಟಿಕಲ್‌ಶಿಪ್ ಮಾಡುತ್ತಿದ್ದೆ. ಲೋಕವನ್ನೆಲ್ಲ ಡೆಬಿಟ್ಟು ಕ್ರೆಡಿಟ್ಟಿನಲ್ಲಿ ಅರ್ಥಮಾಡಿಕೊಂಡೆನೆಂಬ ವಯಸ್ಸು. ರಜೆಗೆ ಹೋದಾಗ ಮಾವ, "ಅಳಿಯಾ, ನೀನು ಓದಿದೋನು, ಈ ಲೆಕ್ಕ ಒಂಚೂರು ನೋಡು" ಎಂದು ಪುಸ್ತಕಗಳನ್ನು ಮುಂದಿಟ್ಟರು.

ಊರ ಹೊರಗಿನ ಕಾಲೋನಿಗೆ ಒಂದೂವರೆ ಕಿಲೋಮೀಟರ್ ರಸ್ತೆ ಮಾಡಿಸಿದ್ದರು. ಅದಕ್ಕೂ ಮುಂಚೆ ಮಳೆಗಾಲದಲ್ಲಿ ಬಸುರಿ ಹೆಂಗಸರನ್ನು ಮಂಚದ ಮೇಲೆ ಹೊತ್ತು ತರುತ್ತಿದ್ದ ಜಾಗ ಅದು. ರಸ್ತೆ ಚೆನ್ನಾಗಿತ್ತು. ಸೇನೆಯಲ್ಲಿ ರಸ್ತೆ, ಸೇತುವೆ ಕಟ್ಟಿದ ಕೈ. ಜಲ್ಲಿಯ ಪದರವನ್ನು ಸ್ವತಃ ಕೋಲು ಹಿಡಿದು ಅಳೆದಿದ್ದರು. ಆದರೆ ಮಸ್ಟರ್ ರೋಲಿನಲ್ಲಿ ಹನ್ನೊಂದು ಹೆಸರುಗಳ ಮುಂದೆ ಇದ್ದ ಹೆಬ್ಬೆಟ್ಟುಗಳು ಒಂದೇ ಥರ ಕಾಣುತ್ತಿದ್ದವು. ಕೇಳಿದೆ. ಮಾವ ಸುಳ್ಳು ಹೇಳಲಿಲ್ಲ. ಆ ಹನ್ನೊಂದು ಜನ ಕೆಲಸಕ್ಕೆ ಬಂದೇ ಇಲ್ಲ, ಆ ಕೂಲಿ ಒಬ್ಬ ಸದಸ್ಯನಿಗೆ ಹೋಯಿತು. ಅವನ ಜೊತೆಗಿದ್ದ ಮೂವರ ಕೈ ಎತ್ತಿಸದಿದ್ದರೆ ಕಾಲೋನಿ ರಸ್ತೆಯ ಠರಾವೇ ಪಾಸಾಗುತ್ತಿರಲಿಲ್ಲ, ಹಣ ಅವನ ಮನೆಯ ಕಡೆಯ ಚರಂಡಿಗೆ ಹೋಗುತ್ತಿತ್ತು ಎಂದರು.

"ಇದು ಕಳ್ಳತನ, ಮಾವ. ನೀವು ಕಣ್ಣುಮುಚ್ಚಿಕೊಂಡಿರಿ, ಅಷ್ಟೇ ವ್ಯತ್ಯಾಸ" ಎಂದೆ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ. ನನ್ನ ಜಾಗದಲ್ಲಿ ನೀನಿದ್ದಿದ್ರೆ ಏನು ಮಾಡ್ತಿದ್ದೆ? ಅದನ್ನ ಹೇಳು" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದವನು ದನಿ ಏರಿಸುತ್ತಾನೆ; ನಾನೂ ಏರಿಸಿದೆ. ಅತ್ತೆ ಕಾಫಿ ತಂದಿಟ್ಟು ಇಬ್ಬರ ಮುಖವನ್ನೂ ನೋಡಿ ಒಳಗೆ ಹೋದರು. ಮಾವ ಪುಸ್ತಕಗಳನ್ನು ಬಟ್ಟೆಯಲ್ಲಿ ಕಟ್ಟಿ ಎತ್ತಿಟ್ಟರು. ಮುಂದಿನ ಚುನಾವಣೆಗೆ ಅವರು ನಿಲ್ಲಲಿಲ್ಲ. ನನ್ನ ಮಾತೇ ಕಾರಣವೆಂದು ಹೇಳಿಕೊಳ್ಳುವಷ್ಟು ಅಹಂಕಾರ ನನಗಿಲ್ಲ, ಆದರೆ ನನ್ನ ಹತ್ತಿರ ಮತ್ತೆ ಯಾವ ಲೆಕ್ಕವನ್ನೂ ಅವರು ತರಲಿಲ್ಲ. ಅವರು ತೀರಿಕೊಂಡಾಗ ನಾನು ಇಲ್ಲಿದ್ದೆ. ವರ್ಷಾಂತ್ಯದ ಲೆಕ್ಕ ಮುಗಿಸುವ ಸಮಯ, ಹೋಗಲಾಗಲಿಲ್ಲ. ಪಿಕ್‌ವಿಕ್ ಹೋಟೆಲಿನ ಆ ಪುಟ ನನ್ನ ಕಣ್ಣಿಗೆ ಬಿದ್ದದ್ದು ಅದಾದ ಮೇಲೆ.

ಹಾಗಾಗಿ ಮೆಕಲಾ ಅವರ ಮೃದುತ್ವ ನನಗೆ ಅರ್ಥವಾಗುತ್ತದೆ. ಒಬ್ಬ ಮನುಷ್ಯನನ್ನು ಹತ್ತು ವರ್ಷ ಜೊತೆಯಲ್ಲಿಟ್ಟುಕೊಂಡು ಬರೆದವರಿಗೆ ಅವನನ್ನು ಕಟಕಟೆಯಲ್ಲಿ ನಿಲ್ಲಿಸಲು ಮನಸ್ಸಾಗುವುದಿಲ್ಲ. ನಾನು ಮಾಡಿದ್ದು ಅದರ ವಿರುದ್ಧ ತಪ್ಪು: ರಸ್ತೆಯನ್ನು ನೋಡದೆ ಹೆಬ್ಬೆಟ್ಟನ್ನಷ್ಟೇ ನೋಡಿದೆ. ಅವರು ಕಳವನ್ನು ರಸ್ತೆಯಲ್ಲಿ ವಜಾ ಮಾಡಿದರು, ನಾನು ರಸ್ತೆಯನ್ನು ಕಳವಿನಲ್ಲಿ ವಜಾ ಮಾಡಿದೆ. ಎರಡೂ ನಿವ್ವಳದ ತಪ್ಪೇ.

ಆಡಿಟ್ ವರದಿಯಲ್ಲಿ ಇಂಥ ಸಂದರ್ಭಕ್ಕೆಂದೇ ಒಂದು ದಾರಿಯಿದೆ. ಲೆಕ್ಕ ಒಟ್ಟಾರೆ ಸರಿಯಿದೆ, ಆದರೆ ಇಂಥದ್ದೊಂದು ಸರಿಯಿಲ್ಲ ಎಂದಾದಾಗ, ಆ ಒಂದನ್ನು ಮೊತ್ತ ಸಹಿತ ಬೇರೆ ಪ್ಯಾರಾದಲ್ಲಿ ಬರೆದು, 'ಇದನ್ನು ಹೊರತುಪಡಿಸಿ' ಎಂದು ಸಹಿ ಹಾಕುತ್ತೇವೆ. ಪೂರ್ತಿ ಒಪ್ಪಿಗೆಯೂ ಅಲ್ಲ, ತಿರಸ್ಕಾರವೂ ಅಲ್ಲ. 'ಟ್ರೂಮನ್' ಪುಸ್ತಕದ ಈ ಅಧ್ಯಾಯಕ್ಕೆ ಬೇಕಾಗಿದ್ದದ್ದು ಅಂಥ ಒಂದು ಪ್ಯಾರಾ. ಆ 10,000 ಡಾಲರ್ ಯಾರದು, ಅದು ಹೋದದ್ದರಿಂದ ಕೌಂಟಿಯ ಯಾವ ಕೆಲಸ ನಿಂತಿರಬಹುದು, ಜಡ್ಜ್ ಅದನ್ನು ಹೋಟೆಲಿನ ಕಾಗದದ ಬದಲು ಕೋರ್ಟಿನ ನಡಾವಳಿ ಪುಸ್ತಕದಲ್ಲಿ ಬರೆಸಿದ್ದರೆ ಏನಾಗುತ್ತಿತ್ತು ಎಂದು ಲೇಖಕರು ಒಂದು ಪುಟ ನಿಂತು ಕೇಳಬೇಕಿತ್ತು. ಬಹುಶಃ ಮುಂದಿನ ಚುನಾವಣೆಯಲ್ಲಿ ಟಿಕೆಟ್ ಸಿಗುತ್ತಿರಲಿಲ್ಲ; ಸೆನೆಟ್ಟೂ ಇಲ್ಲ, ಶ್ವೇತಭವನವೂ ಇಲ್ಲ. ಆ ಬೆಲೆಯನ್ನು ಹೇಳಿದ್ದರೆ ಟ್ರೂಮನ್ ಸಣ್ಣವರಾಗುತ್ತಿರಲಿಲ್ಲ. ತನಗೆ ಗೊತ್ತಿಲ್ಲ ಎಂದು ಅವರು ಬರೆದ ಮಾತಿಗೆ ಇನ್ನಷ್ಟು ಬೆಲೆ ಬರುತ್ತಿತ್ತು. ಅವರು ತಮಗೇ ಕ್ಷಮೆ ಕೊಟ್ಟುಕೊಂಡಿರಲಿಲ್ಲ. ಕೊಟ್ಟದ್ದು ಜೀವನಚರಿತ್ರೆ.

ನಮ್ಮ ಕಡೆಯೂ ಯುದ್ಧದಿಂದ ಬಂದು ಪಂಚಾಯಿತಿ, ಸೊಸೈಟಿ, ಡೇರಿಗಳನ್ನು ನಡೆಸಿದವರು ಅನೇಕರಿದ್ದಾರೆ. ಅವರ ಬಗ್ಗೆ ಬರುವುದು ಒಂದೋ ಷಷ್ಟ್ಯಬ್ದಿಯ ಅಭಿನಂದನ ಗ್ರಂಥ, ಇಲ್ಲವೇ ಎದುರು ಪಾರ್ಟಿಯವರ ದೂರು ಅರ್ಜಿ. ಎರಡರಲ್ಲೂ ಒಂದೊಂದೇ ಕಾಲಂ ಇರುತ್ತದೆ. ಮೆಕಲಾ ಅವರಷ್ಟು ಪ್ರೀತಿಯಿಂದ, ಹ್ಯಾಂಬಿ ಅವರಷ್ಟು ಎಚ್ಚರದಿಂದ ಒಬ್ಬ ಸೊಸೈಟಿ ಅಧ್ಯಕ್ಷನ ಬದುಕನ್ನು ಕನ್ನಡದಲ್ಲಿ ಯಾರಾದರೂ ಬರೆದರೆ ಅದನ್ನು ಓದಲು ನಾನು ಕಾದಿದ್ದೇನೆ. ಅಲ್ಲಿಯವರೆಗೆ ಈ ಎರಡು ಇಂಗ್ಲಿಷ್ ಪುಸ್ತಕಗಳನ್ನು ಒಟ್ಟಿಗೆ ಓದಿ ಎಂದು ಶಿಫಾರಸು ಮಾಡುತ್ತೇನೆ. ಮೊದಲು ಮೆಕಲಾ, ಆಮೇಲೆ ಹ್ಯಾಂಬಿ. ಸಾವಿರ ಪುಟಕ್ಕೆ ಪುರುಸೊತ್ತಿಲ್ಲದವರು ಟ್ರೂಮನ್ ಸೆನೆಟಿಗೆ ಹೋಗುವವರೆಗಿನ ಭಾಗವನ್ನಾದರೂ ಓದಬಹುದು.

ಹೋದ ಸಲ ಊರಿಗೆ ಹೋದಾಗ ಕಾಲೋನಿ ರಸ್ತೆಯಲ್ಲಿ ನಡೆದೆ. ಯಾವುದೋ ಹೊಸ ಯೋಜನೆಯಲ್ಲಿ ಅದರ ಮೇಲೆ ಕಾಂಕ್ರೀಟ್ ಹಾಕಿದ್ದಾರೆ, ಬೋರ್ಡಿನಲ್ಲಿ ಬೇರೆ ಹೆಸರುಗಳಿವೆ. ಸ್ಕೂಲ್ ವ್ಯಾನ್ ಒಂದು ಹಾರ್ನ್ ಹೊಡೆಯುತ್ತ ಪಕ್ಕದಲ್ಲಿ ಹೋಯಿತು. ಮನೆಯಲ್ಲಿ ಅತ್ತೆ ಹಳೆಯ ಟ್ರಂಕು ತೆಗೆದು ಮಾವನ ಪದಕಗಳನ್ನು ನನ್ನ ಮಗಳಿಗೆ ತೋರಿಸಿದರು. ಅದರಡಿ ಪಂಚಾಯಿತಿಯ ಕಾಗದಗಳ ಪ್ರತಿಗಳೂ ಇದ್ದವು, ಅದೇ ಬಟ್ಟೆಯಲ್ಲಿ ಕಟ್ಟಿದ್ದವು. "ತಗೊಂಡು ಹೋಗ್ತೀಯಾ? ನೀನು ಓದಿದೋನು" ಎಂದರು ಅತ್ತೆ. ತಂದಿದ್ದೇನೆ. ಮೆಕಲಾ ಪುಸ್ತಕದ ಪಕ್ಕದಲ್ಲೇ ಇಟ್ಟಿದ್ದೇನೆ. ಮಾವನ ಪ್ರಶ್ನೆಗೆ ನನ್ನ ಹತ್ತಿರ ಈಗಲೂ ಉತ್ತರವಿಲ್ಲ. ಆದರೆ ಈ ಸಲ ಎರಡೂ ಕಾಲಂ ಬರೆದು ನೋಡಬೇಕೆಂದಿದ್ದೇನೆ.